ದವಾಖಾನಿಯಾಗ ಯಮನ ವೇಷ ಯಾಕ್ರೀ?

ಅಕ್ಟೋಬರ್ 31 ಹತ್ತಿರ ಬಂತು ಅಂದ್ರೆ ನಮ್ಮ ಆಫೀಸಿಗೆ ಹ್ಯಾಲೋವೀನ್ ಜ್ವರ ಏರುತ್ತೆ. ನಾನಿರೋದು ಬೆಂಗಳೂರಿನಲ್ಲಿ. ಅಮೆರಿಕದ ಸಣ್ಣ ಸಣ್ಣ ಕ್ಲಿನಿಕ್ಕುಗಳಿಗೆ ಅಪಾಯಿಂಟ್‌ಮೆಂಟ್, ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡೋದು ನಮ್ಮ ಹೊಟ್ಟೆಪಾಡು. ಅಲ್ಲಿನ ಎಷ್ಟೋ ಕ್ಲಿನಿಕ್ಕುಗಳಲ್ಲಿ ಆ ದಿನ ರಿಸೆಪ್ಷನ್ನಿನವರು, ನರ್ಸುಗಳು ವೇಷ ಹಾಕಿಕೊಂಡು ಬರ್ತಾರೆ. ಅವರನ್ನ ನೋಡಿ ನಾವೂ ಹಾಕ್ತೀವಿ. ಈಗ ಇಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡೋ ಗೆಳೆಯರೂ ಕೇಳೋಕೆ ಶುರುಮಾಡಿದ್ದಾರೆ: "ಆಫೀಸಿಗೆ ಒಪ್ಪೋ ವೇಷ ಯಾವುದು ಮಾರಾಯ?"

ನನ್ನ ತಕರಾರು ಈ ಪ್ರಶ್ನೆ ಬಗ್ಗೆಯೇ. ಆಫೀಸಿಗೆ ಒಪ್ಪೋದು ಅಂದ್ರೆ ಯಾರಿಗೆ ಒಪ್ಪೋದು? ಬಾಸಿಗೆ ಸಿಟ್ಟು ಬರಬಾರದು, ಪಕ್ಕದ ಟೇಬಲ್ಲಿನವರಿಗೆ ಮುಜುಗರ ಆಗಬಾರದು, ಫೋಟೋ ಚೆನ್ನಾಗಿ ಬರಬೇಕು. ಅಷ್ಟೇ ತಾನೇ? ಎದುರಿಗೆ ಬೆಂಚಿನ ಮೇಲೆ ರಿಪೋರ್ಟ್ ಹಿಡಿದುಕೊಂಡು ಕೂತವನಿಗೆ ಒಪ್ಪುತ್ತಾ ಅಂತ ಯಾರೂ ಕೇಳಲ್ಲ. ಆಸ್ಪತ್ರೆ ನಡೀತಿರೋದೇ ಅವನಿಗೋಸ್ಕರ ಕಣ್ರೀ!

ನಮ್ಮ ಆಫೀಸಿನದೇ ಕತೆ ಹೇಳ್ತೀನಿ. ಒಂದು ವರ್ಷ ಮೊದಲ ಬಹುಮಾನ ಬಂದಿದ್ದು "ಹುಚ್ಚಾಸ್ಪತ್ರೆ ರೋಗಿ" ವೇಷಕ್ಕೆ. ಹರಿದ ಗೌನು, ಕೆಂಪು ಬಣ್ಣ ಬಳಿದ ಬ್ಯಾಂಡೇಜು, ಕೆದರಿದ ತಲೆ. ಎಲ್ಲರೂ ಚಪ್ಪಾಳೆ ಹೊಡೆದರು. ಯಾರ ಕಾಯಿಲೆಯ ಬಿಲ್ ಮಾಡಿ ಸಂಬಳ ತಗೋತೀವೋ ಅವರನ್ನೇ ಅಣಕಿಸಿ ಬಹುಮಾನ! "ಇದು ಸರಿಯಿಲ್ಲ" ಅಂದಿದ್ದಕ್ಕೆ ಸಿಕ್ಕ ಉತ್ತರ, "ಅಯ್ಯೋ ಇಷ್ಟು ಸೀರಿಯಸ್ ಆಗಬೇಡ."

ಸೀರಿಯಸ್ ಆಗಿದ್ದು ನಾನೊಬ್ಬನೇ ಅಲ್ಲ. 2013ರಲ್ಲಿ ಇಂಗ್ಲೆಂಡಿನ ಆಸ್ಡಾ, ಟೆಸ್ಕೋ ಅಂಗಡಿಗಳು ಹ್ಯಾಲೋವೀನ್‌ಗೆ ಅಂತ ಇಂಥದೇ ಮಾನಸಿಕ ರೋಗಿಯ ವೇಷಗಳನ್ನು ಮಾರಾಟಕ್ಕಿಟ್ಟಿದ್ದವು. ಜನ ತಿರುಗಿಬಿದ್ದರು. ಎರಡೂ ಕಂಪನಿಗಳು ವೇಷ ವಾಪಸ್ ತೆಗೆದು, ಕ್ಷಮೆ ಕೇಳಿದವು. ಆಸ್ಡಾ ಮಾನಸಿಕ ಆರೋಗ್ಯಕ್ಕಾಗಿ ದುಡಿಯೋ ಮೈಂಡ್ ಅನ್ನೋ ಸಂಸ್ಥೆಗೆ ದೇಣಿಗೆಯನ್ನೂ ಕೊಟ್ಟಿತು. ಹ್ಯಾಲೋವೀನನ್ನು ಚೆನ್ನಾಗಿ ಬಲ್ಲ ದೇಶದಲ್ಲೇ ಇದು ನಡೀತು. ನಾವು ಹಬ್ಬ ತಂದುಕೊಂಡೆವು, ಅವರು ಕಲಿತ ಪಾಠ ಮಾತ್ರ ಅಲ್ಲೇ ಬಿಟ್ಟು ಬಂದೆವು.

ಹಾಗಂತ "ಪರದೇಶಿ ಹಬ್ಬ, ನಿಷೇಧಿಸಿ" ಅನ್ನೋ ಗುಂಪಿಗೆ ನನ್ನನ್ನ ಸೇರಿಸಬೇಡಿ. ನಾನು ಕಲಬುರಗಿಯವ. ವೇಷ ಅನ್ನೋದು ನಮ್ಮ ಕಡೆ ಹೊಸದಲ್ಲ. ಹಗಲುವೇಷದವರು ರಂಗವಿಲ್ಲದೆ, ಪರದೆಯಿಲ್ಲದೆ ಹಾಡುಹಗಲೇ ಓಣಿಗೆ ಬರೋರು. ಮೊಹರಂ ಬಂದ್ರೆ ಹುಲಿವೇಷ. ಮಕ್ಕಳಿಗೆ ಆರಾಮ ಇಲ್ಲ ಅಂದ್ರೆ ದೇವರಿಗೆ ಹರಕೆ ಹೊತ್ತು ಮೊಹರಂನಲ್ಲಿ ಫಕೀರರನ್ನಾಗಿ ಮಾಡೋರು. ಇದನ್ನ ಸ್ವಲ್ಪ ಗಮನಿಸಿ. ಕಾಯಿಲೆಗೂ ವೇಷಕ್ಕೂ ನಮ್ಮಲ್ಲಿ ನಂಟಿದೆ, ಆದ್ರೆ ಆ ವೇಷ ರೋಗಿಯ ಪಕ್ಷದ್ದು. ಅವನು ಬದುಕಲಿ ಅಂತ ಹಾಕಿದ್ದು, ಅವನನ್ನ ಹೆದರಿಸೋಕಲ್ಲ.

ನಮ್ಮೂರ ಶರಣಬಸವೇಶ್ವರ ಜಾತ್ರೆ ನೋಡಿದೀರಾ? ಹೋಳಿ ಆಗಿ ಐದನೇ ದಿನ. ತೇರು ಎಳೆಯೋ ಮುಂಚೆ ಪೀಠಾಧಿಪತಿಗಳು ಸಾಂಪ್ರದಾಯಿಕ ಉಡುಪಿನಲ್ಲಿ ಬಂದು ಪರುಷ ಬಟ್ಟಲು ಎತ್ತಿ ತೋರಿಸ್ತಾರೆ. ಕಿಕ್ಕಿರಿದ ಮಂದಿಯ ಹಿಂದೆ ಎಲ್ಲೋ ನಿಂತ ಮುದುಕಿಗೆ ಮುಖ ಕಾಣಲ್ಲ, ಮಾತು ಕೇಳಲ್ಲ. ಆದ್ರೆ ಆ ಉಡುಪು ಕಂಡ ಕೂಡಲೇ ಯಾರು ಬಂದರು, ಏನು ನಡೀತಿದೆ ಅಂತ ಗೊತ್ತಾಗುತ್ತೆ, ಕೈ ಮುಗೀತಾಳೆ. ಬಟ್ಟೆ ಮಾಡೋ ಕೆಲಸ ಅದು. ಓದು ಬರದವರಿಗೂ ಓದೋಕೆ ಬರೋ ಅಕ್ಷರ ಅದು.

ಅದೇ ಮುದುಕಿ ನಾಳೆ ಜೇವರ್ಗಿ ಕಡೆಯ ಹಳ್ಳಿಯಿಂದ ಬಸ್ ಹತ್ತಿ ಕಲಬುರಗಿ ದವಾಖಾನಿಗೆ ಬರ್ತಾಳೆ. (ಹೌದು, ನಮ್ಮ ಕಡೆ ಆಸ್ಪತ್ರೆಗೆ ದವಾಖಾನಿ ಅಂತಾರೆ.) ಗೋಡೆ ಮೇಲಿನ ಇಂಗ್ಲಿಷ್ ಬೋರ್ಡು ಅವಳಿಗೆ ಓದೋಕೆ ಬರಲ್ಲ. ಬಿಳಿ ಕೋಟು ಹಾಕಿದವರು ಡಾಕ್ಟರು, ನರ್ಸಿನ ಬಟ್ಟೆ ತೊಟ್ಟವಳು ನರ್ಸಕ್ಕ, ಖಾಕಿಯವನು ವಾಚ್‌ಮನ್. ಬಟ್ಟೆಯೇ ಅವಳ ಬೋರ್ಡು. ಅವತ್ತು ನೀವು ಡ್ರಾಕುಲಾ ಆಗಿ, ನಿಮ್ಮ ಗೆಳತಿ ಮಾಟಗಾತಿಯಾಗಿ ಕೂತರೆ, ಅವಳು ಚೀಟಿ ಯಾರ ಕೈಗೆ ಕೊಡಬೇಕ್ರಿ? ಸೂಜಿ ಮಾಡೋರು ಯಾರು ಅಂತ ಯಾರನ್ನ ಕೇಳಬೇಕು? ನಿಮ್ಮ ಒಂದು ದಿನದ ಮಜಾಕ್ಕೆ ಅವಳಿಗಿದ್ದ ಒಂದೇ ಗುರುತನ್ನೂ ಅಳಿಸಿಬಿಟ್ಟಿರಿ.

ಜಾಗ ಬದಲಾದ್ರೆ ವೇಷದ ಅರ್ಥವೂ ಬದಲಾಗುತ್ತೆ. 2018ರ ಜುಲೈನಲ್ಲಿ ಬೆಂಗಳೂರಿನ ಹಲಸೂರು ಗೇಟ್ ಟ್ರಾಫಿಕ್ ಪೊಲೀಸರು ಯಮನ ವೇಷದ ಕಲಾವಿದನನ್ನ ರಸ್ತೆಗಿಳಿಸಿದ್ದರು. ಹೆಲ್ಮೆಟ್ ಇಲ್ಲದವರ ಮುಂದೆ ಯಮ! ಚೆನ್ನಾಗಿತ್ತು. ಅಲ್ಲಿ ಯಮನ ಎದುರು ನಿಂತವನು ಗಟ್ಟಿಮುಟ್ಟಾದ ಆಸಾಮಿ, ನಕ್ಕು ಹೆಲ್ಮೆಟ್ ಹಾಕಿಕೊಂಡು ಹೋಗಬಹುದು. ಅದೇ ಯಮನನ್ನ ಡಯಾಲಿಸಿಸ್ ಕೋಣೆ ಹೊರಗೆ ನಿಲ್ಲಿಸಿ ನೋಡೋಣ. ಒಳಗೆ ಮಲಗಿದವನಿಗೆ ಅದು ಜೋಕಾ?

"ಹಾಗಾದ್ರೆ ಆಸ್ಪತ್ರೆಯಲ್ಲಿ ನಗಲೇಬಾರದಾ?" ಅಂತ ಕೇಳ್ತೀರಿ, ಗೊತ್ತು :) ನಗಬೇಕು. 1986ರಲ್ಲಿ ನ್ಯೂಯಾರ್ಕಿನ ಬಿಗ್ ಆಪಲ್ ಸರ್ಕಸ್ಸಿನ ಮೈಕೆಲ್ ಕ್ರಿಸ್ಟೆನ್ಸೆನ್ ವಿದೂಷಕರನ್ನ ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋಗೋ ಕೆಲಸ ಶುರುಮಾಡಿದರು. ಈ ಕೆಲಸ ಕಲಿತ ವಿದೂಷಕರು ಮಗುವಿನ ಕೋಣೆಗೆ ನುಗ್ಗಲ್ಲ. ಬಾಗಿಲಲ್ಲಿ ನಿಂತು "ಒಳಗೆ ಬರಲಾ?" ಅಂತ ಕೇಳ್ತಾರೆ. ಮಗು ಬೇಡ ಅಂದ್ರೆ ವಾಪಸ್. ಔಷಧಿ, ಸೂಜಿ ಯಾವುದಕ್ಕೂ ಬೇಡ ಅನ್ನೋಕಾಗದ ಮಗುವಿಗೆ ಬೇಡ ಅನ್ನೋ ಹಕ್ಕು ಸಿಗೋದು ಅಲ್ಲೊಂದೇ. ನಗೋದೂ ಹೀಗೇ ಇರಬೇಕು, ರೋಗಿ ಒಪ್ಪಿದ ಮೇಲೆ.

ಹಾಕಲೇಬೇಕು ಅಂತಿದ್ರೆ ನನ್ನ ಪಟ್ಟಿ ಇಷ್ಟೇ:

1. ಮುಖ ಮುಚ್ಚಬೇಡಿ, ಹೆಸರಿನ ಬಿಲ್ಲೆ ಕಾಣಲಿ, ಕನ್ನಡದಲ್ಲೂ ಇರಲಿ. ಕೇಟ್ ಗ್ರೇಂಜರ್ ಅನ್ನೋ ಬ್ರಿಟಿಷ್ ಡಾಕ್ಟರು ತಾವೇ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ, ಬಂದವರು ಹೆಸರೇ ಹೇಳಲ್ಲ ಅನ್ನೋದನ್ನ ಕಂಡು 2013ರಲ್ಲಿ "ಹಲೋ, ನನ್ನ ಹೆಸರು..." ಅಂತ ಚಳವಳಿ ಶುರುಮಾಡಿದರು. 2016ರಲ್ಲಿ ತೀರಿಹೋದರು. ಮುಖವಾಡ ಅದಕ್ಕೆ ಪೂರ್ತಿ ಉಲ್ಟಾ.

2. ಉದ್ದ ತೋಳು, ಜೋಲಾಡೋ ಕೇಪು, ಬಳೆ ಬೇಡ. ರೋಗಿಯನ್ನ ಮುಟ್ಟಿ ಕೆಲಸ ಮಾಡೋರ ತೋಳು ಮೊಣಕೈ ಕೆಳಗೆ ಬರಿದಾಗಿರಲಿ ಅಂತ ಇಂಗ್ಲೆಂಡಿನಲ್ಲಿ 2007ರಲ್ಲೇ ಹೇಳಿದ್ದಾರೆ. ಕೈ ಸರಿಯಾಗಿ ತೊಳೆಯೋಕೆ ಅದು ಬೇಕು.

3. ರಕ್ತ, ಗಾಯ, ಎಲುಬು, ಸಾವು, ಹುಚ್ಚು ಯಾವುದೂ ಬೇಡ. ಅವೆಲ್ಲ ನಿಮ್ಮ ಎದುರು ಕೂತವರ ನಿಜವಾದ ಬದುಕು.

4. ಮಕ್ಕಳ ವಾರ್ಡಿನಲ್ಲಿ ಬಣ್ಣದ ಟೋಪಿ, ಗೊಂಬೆ ಚಿತ್ರದ ಅಂಗಿ ಇರಲಿ. ಮಗು ಅತ್ತರೆ ಟೋಪಿ ತೆಗೀರಿ.

ಇಷ್ಟು ಮಾಡಿದ ಮೇಲೆ ಹ್ಯಾಲೋವೀನಲ್ಲಿ ಉಳಿಯೋದೇನು ಅಂತೀರಾ? ಹೆಚ್ಚೇನೂ ಉಳಿಯಲ್ಲ. ಸಂಜೆ ಡ್ಯೂಟಿ ಮುಗಿದ ಮೇಲೆ ಮನೆಯಲ್ಲಿ ಡ್ರಾಕುಲಾ ಆಗಿ, ಯಾರು ಬೇಡ ಅಂದರು? ನೀವು ಆ ವೇಷ ಆರು ಗಂಟೆಗೆ ಬಿಚ್ಚಿಡಬಹುದು. ವಾರ್ಡಿನಲ್ಲಿ ಮಲಗಿದವನಿಗೆ ಅವನ ಗೌನು ಬಿಚ್ಚಿ ಮನೆಗೆ ಹೋಗೋ ದಿನ ಯಾವುದು ಅಂತಾನೇ ಗೊತ್ತಿಲ್ಲ. ಅದೊಂದು ನೆನಪಿದ್ರೆ ಯಾವ ವೇಷ ಒಪ್ಪುತ್ತೆ, ಯಾವುದು ಒಪ್ಪಲ್ಲ ಅಂತ ಯಾರ ಹತ್ರಾನೂ ಕೇಳಬೇಕಾಗಿಲ್ಲ.

ನೀವೇನಂತೀರಿ?