ಯಂತ್ರ ಹಳತಾಯಿತೆಂದು ಹೇಳುವವರು ಯಾರು?

ಐದು ವರ್ಷ ದಾಟಿದ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದು ಜಿಪುಣತನ ಎಂಬ ಮಾತು ಬಹರೈನಿನ ನಮ್ಮವರ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ದಿನಾರಿನಲ್ಲಿ ಸಂಬಳ ಎಣಿಸುವವರಿಗೆ ಹೊಸತು ಕೊಳ್ಳಲು ಏನು ಧಾಡಿ ಎಂಬ ತರ್ಕ ಅದರ ಹಿಂದಿದೆ. ನಾನಿದನ್ನು ಒಪ್ಪುವುದಿಲ್ಲ. ಯಂತ್ರದ ಆಯುಸ್ಸನ್ನು ಕೊಂಡ ದಿನದಿಂದ ಎಣಿಸಬಾರದು, ಬಿಚ್ಚಿ ಸರಿಮಾಡಲು ಬರುತ್ತದೆಯೇ ಎಂದು ನೋಡಿ ಅಳೆಯಬೇಕು.

ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಕಚೇರಿಗಳಿಗೆಂದೇ ಹುಟ್ಟಿದವು. ನೂರಾರು ಯಂತ್ರ ಒಟ್ಟಿಗೆ ಕೊಳ್ಳುವ ಕಂಪನಿ ಒಂದು ಕೀಬೋರ್ಡ್ ಕೆಟ್ಟರೆ ಇಡೀ ಲ್ಯಾಪ್‌ಟಾಪ್ ಎಸೆಯುವುದಿಲ್ಲ. ಹಾಗಾಗಿ ತಯಾರಕರು ಇವನ್ನು ಬಿಚ್ಚಲು ಬರುವಂತೆ ಕಟ್ಟಿದರು, ಬಿಚ್ಚುವ ಕ್ರಮದ ಕೈಪಿಡಿಯನ್ನೂ ಎಲ್ಲರಿಗೂ ಸಿಗುವಂತೆ ಇಟ್ಟರು. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಮೇಲೆ ಇವು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತವೆ.

2018ರ ಥಿಂಕ್‌ಪ್ಯಾಡ್ ಟಿ480 ನೋಡಿ. ಅದಕ್ಕೆ ಎರಡು ಬ್ಯಾಟರಿ. ಒಂದು ಒಳಗೆ, ಇನ್ನೊಂದು ಹಿಂಬದಿಯಲ್ಲಿ, ಕೈಯಿಂದಲೇ ಕಳಚುವಂಥದ್ದು. ಒಳಗಿನದರಲ್ಲಿ ಚಾರ್ಜ್ ಇದ್ದರೆ ಯಂತ್ರ ನಿಲ್ಲಿಸದೆಯೇ ಹಿಂದಿನದನ್ನು ಬದಲಿಸಬಹುದು. ತಳದ ಮುಚ್ಚಳ ತೆಗೆದರೆ ರ‍್ಯಾಮ್‌ಗೆ ಎರಡು ಸ್ಲಾಟ್, ಡಿಸ್ಕ್, ಫ್ಯಾನ್ ಎಲ್ಲ ಕೈಗೆಟುಕುತ್ತವೆ. ಮರುವರ್ಷವೇ ಬಂದ ಟಿ490ಯಲ್ಲಿ ಕಳಚುವ ಬ್ಯಾಟರಿ ಹೋಯಿತು, ರ‍್ಯಾಮ್‌ನ ಒಂದು ಭಾಗವನ್ನು ಬೋರ್ಡಿಗೇ ಬೆಸೆದರು. ಯಂತ್ರ ತೆಳ್ಳಗಾಯಿತು, ಅದರ ಮೇಲೆ ಕೊಂಡವನಿಗಿದ್ದ ಅಧಿಕಾರವೂ ತೆಳ್ಳಗಾಯಿತು. ಇದನ್ನು ಪ್ರಗತಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಬಹರೈನಿನಲ್ಲಿ ಲ್ಯಾಪ್‌ಟಾಪಿಗೆ ಶತ್ರುಗಳು ಎರಡು, ಬಿಸಿ ಮತ್ತು ದೂಳು. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ಮುಚ್ಚಿದ ಕಾರಿನಲ್ಲಿ ಬಿಟ್ಟ ಬ್ಯಾಟರಿ ಬೇಗ ಸೊರಗುತ್ತದೆ. ಸದಾ ಪ್ಲಗ್ಗಿನಲ್ಲೇ ಇಟ್ಟು ನೂರಕ್ಕೆ ನೂರು ತುಂಬಿಸಿಟ್ಟರೂ ಸೊರಗುತ್ತದೆ. ಚಾರ್ಜಿನ ಮಿತಿಯನ್ನು 80ಕ್ಕೆ ಕಟ್ಟುವ ಸೌಲಭ್ಯ ಈ ಯಂತ್ರಗಳಲ್ಲೇ ಇದೆ. ಫ್ಯಾನಿನ ದೂಳು ಊದಿ ತೆಗೆದು, ಪ್ರೊಸೆಸರಿನ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ನಿಧಾನವಾಯಿತೆಂದು ಬೈಸಿಕೊಂಡ ಎಷ್ಟೋ ಯಂತ್ರಗಳು ಮತ್ತೆ ಚುರುಕಾಗುತ್ತವೆ.

ಹಳೆಯ ಯಂತ್ರ ಸುರಕ್ಷಿತವಲ್ಲ ಎಂಬ ಆಕ್ಷೇಪ ಮಾತ್ರ ಗಂಭೀರವಾದದ್ದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹೆಚ್ಚಾಗಿ ಎಂಟನೇ ತಲೆಮಾರಿನ ಇಂಟೆಲ್‌ಗಿಂತ ಹಿಂದಿನದನ್ನು ಒಪ್ಪುವುದಿಲ್ಲ. ಅಪ್‌ಡೇಟ್ ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಿ ಎಂದು ನಾನೂ ಹೇಳಲಾರೆ. ಆದರೆ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಬ್ರೌಸರ್, ಲಿಬ್ರೆಆಫೀಸ್, ಯೂನಿಕೋಡ್ ಕನ್ನಡ ಎಲ್ಲ ಸಿಗುತ್ತವೆ. ನುಡಿ, ಬರಹದ ಹಳೆಯ ಕಡತಗಳನ್ನೇ ನೆಚ್ಚಿಕೊಂಡವರಿಗೆ ಮಾತ್ರ ತೊಡಕು ನಿಜ, ಆ ತಂತ್ರಾಂಶಗಳು ವಿಂಡೋಸ್‌ಗೆಂದು ಮಾಡಿದವು. ವಿಡಿಯೊ ಎಡಿಟಿಂಗ್ ಮಾಡಿ ಅನ್ನ ತಿನ್ನುವವರೂ ಹೊಸತು ಕೊಳ್ಳಲಿ. ಮೀಟಿಂಗಿನಲ್ಲಿ ಮರ್ಯಾದೆ ಹೋಗುತ್ತದೆ ಎನ್ನುವವರಿಗೆ ಉತ್ತರ ಬೇಕಿಲ್ಲ.

ಆದರೆ ಸುರಕ್ಷತೆಯ ಮಾತು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸುಸ್ಥಿತಿಯಲ್ಲಿರುವ ಕೋಟ್ಯಂತರ ಯಂತ್ರಗಳಿಗೆ ದೂರದ ಕಂಪನಿಯೊಂದು ಸಾವಿನ ದಿನಾಂಕ ಬರೆಯುವುದು ಯಾವ ನ್ಯಾಯ? 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸುರಿಯಿತು ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಸೇರಿದ ದಾಖಲೆ ಕಾಲು ಭಾಗಕ್ಕೂ ಇಲ್ಲ. ಕೆಡದ ಯಂತ್ರವನ್ನು ಈ ರಾಶಿಗೆ ತಳ್ಳುವುದು ತಪ್ಪು.

ಹಳೆಯದನ್ನು ಕೊಳ್ಳುವವರು ಬಯೋಸ್‌ಗೆ ಹಿಂದಿನ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಹೊಸತು ಕೊಂಡೇ ಬಿಟ್ಟವರು ಹಳೆಯದರ ಡಿಸ್ಕ್ ಅಳಿಸಿ, ಬ್ಯಾಟರಿ ಬದಲಿಸಿ, ರಜೆಗೆ ಹೋಗುವಾಗ ಊರಿನ ಯಾವುದಾದರೂ ಓದುವ ಹುಡುಗಿಗೆ ಕೊಂಡೊಯ್ಯಿರಿ. 18 ತುಂಬಿದ ಪ್ರಯಾಣಿಕರ ಒಂದು ಲ್ಯಾಪ್‌ಟಾಪಿಗೆ ಭಾರತದ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲ.