ಮೀನಿಗಿಂತ ಮೊದಲು ನೀರು

ಕಳೆದ ಈದುಲ್ ಫಿತ್ರ್‌ನ ಮರುದಿನ ಬೆಳಗ್ಗೆ ನಿಪ್ಪಾಣಿಯಿಂದ ಭಾಭಿಯ ಫೋನ್ ಬಂತು. ಎಂಟನೇ ತರಗತಿಯಲ್ಲಿ ಓದುವ ಮಗ ಫಜ್ರ್‌ನಿಂದ ಅಳುತ್ತಿದ್ದಾನೆ, ನೀವೇ ಸ್ವಲ್ಪ ಮಾತಾಡಿ ಎಂದರು. ವಿಷಯ ಇಷ್ಟು. ಕೂಡಿಟ್ಟ ಈದಿಯ ಹಣದಲ್ಲಿ ಹುಡುಗ ಎರಡಡಿಯ ಗಾಜಿನ ತೊಟ್ಟಿ ಮತ್ತು ಒಂದು ಜೊತೆ ಕ್ಲೌನ್ ಮೀನು ತಂದಿದ್ದ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಕಾರ್ಟೂನ್ ಚಿತ್ರದಿಂದ ಮಕ್ಕಳಿಗೆಲ್ಲ ಪರಿಚಯ. ಇದು ಸಮುದ್ರದ ಮೀನು, ನೀರಿಗೆ ಉಪ್ಪು ಹಾಕಬೇಕು ಎಂದಷ್ಟೇ ಅಂಗಡಿಯವನು ಹೇಳಿದ್ದ. ಹುಡುಗ ನಲ್ಲಿ ನೀರು ತುಂಬಿಸಿ, ಅಡುಗೆಮನೆಯ ಒಂದು ಕಿಲೋ ಉಪ್ಪಿನ ಪೊಟ್ಟಣ ಸುರಿದ. ಇಶಾ ನಮಾಝಿನ ಹೊತ್ತಿಗೆ ಈಜುತ್ತಿದ್ದವು ಫಜ್ರ್‌ಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಫುಪ್ಪು, ನನಗೆ ಗುನಾಹ್ ಆಗುತ್ತದಾ?" ಎಂದು ಕೇಳಿದ.

ನಾನು ಕೂಡಲೇ ಉತ್ತರಿಸಲಿಲ್ಲ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ಸಿಕ್ಕಿದ್ದನ್ನು ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ನಾವು ಅದನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಆಕೆಯ ತಪ್ಪು ಬೆಕ್ಕು ಸಾಕಿದ್ದಲ್ಲ, ದಾರಿಯನ್ನೆಲ್ಲ ಮುಚ್ಚಿ ಅದನ್ನು ಮರೆತದ್ದು. ಹಝ್ರತ್ ಅನಸ್‌(ರ)ರ ಪುಟ್ಟ ತಮ್ಮ ಅಬೂ ಉಮೈರ್ ಬಳಿ ಒಂದು ಸಣ್ಣ ಹಕ್ಕಿಯಿತ್ತು. ಪ್ರವಾದಿವರ್ಯರು(ಸ) ಆ ಹಕ್ಕಿಯ ಯೋಗಕ್ಷೇಮವನ್ನು ಮಗುವಿನ ಬಳಿ ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಆಹಾರ, ಆರೈಕೆ ಸರಿಯಾಗಿದ್ದರೆ ಸಾಕಬಹುದು ಎಂಬುದಕ್ಕೆ ಉಲಮಾಗಳು ಈ ಪ್ರಸಂಗವನ್ನೇ ಆಧಾರ ಮಾಡಿಕೊಂಡಿದ್ದಾರೆ. ತಿಳಿಯದೆ ಆದದ್ದಕ್ಕೆ ತೌಬಾ ಮಾಡು, ಮತ್ತೆ ತರುವ ಮೊದಲು ಕಲಿ ಎಂದೆ. ಅವನ ಜೊತೆ ನಾನೂ ಕಲಿಯಬೇಕಾಯಿತು. ಚಿಕ್ಕೋಡಿ, ರಾಯಬಾಗ, ಅಥಣಿಯ ಮನೆಗಳಲ್ಲೂ ಈಗ ಇಂಥ ತೊಟ್ಟಿಗಳು ಕಾಣುತ್ತಿರುವುದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೂರಾ ಅಲ್‌ಫುರ್ಕಾನ್‌ನಲ್ಲಿ ಸಿಹಿನೀರು, ಉಪ್ಪುನೀರುಗಳ ನಡುವಿನ ತಡೆಯ ಪ್ರಸ್ತಾಪವಿದೆ. ಅಲ್ಲಾಹನು ಮೀನಿನ ಮೈಯೊಳಗೂ ಎರಡು ಬೇರೆ ವ್ಯವಸ್ಥೆಗಳನ್ನು ಇಟ್ಟಿದ್ದಾನೆ. ಸಿಹಿನೀರಿನ ಮೀನಿನ ಮೈಗೆ ನೀರು ತಾನಾಗಿ ನುಗ್ಗುತ್ತದೆ, ಅದು ಹೆಚ್ಚಾದದ್ದನ್ನು ಹೊರಹಾಕುತ್ತಲೇ ಇರಬೇಕು. ಸಮುದ್ರದ ಮೀನಿನದು ತದ್ವಿರುದ್ಧ. ಮೈಯ ನೀರು ಹೊರಗೆ ಸೋರುತ್ತಿರುತ್ತದೆ; ಅದು ಸದಾ ನೀರು ಕುಡಿದು, ಉಪ್ಪನ್ನು ಕಿವಿರಿನಿಂದ ಹೊರಚೆಲ್ಲಿ ಬದುಕುತ್ತದೆ. ನೀರಿನ ಉಪ್ಪು ಥಟ್ಟನೆ ಬದಲಾದರೆ ಅದರ ಲೆಕ್ಕವೆಲ್ಲ ತಪ್ಪುತ್ತದೆ.

ಅಡುಗೆ ಉಪ್ಪು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ತಕ್ಕ ಪ್ರಮಾಣದಲ್ಲಿರುತ್ತವೆ. ಅದಕ್ಕಾಗಿಯೇ ತಯಾರಿಸಿದ ಸಮುದ್ರದ ಉಪ್ಪಿನ ಪುಡಿ ಸಿಗುತ್ತದೆ. ಒಂದು ಲೀಟರಿಗೆ ಸುಮಾರು 35 ಗ್ರಾಂ, ಅಂದರೆ ನೂರು ಲೀಟರಿಗೆ ಮೂರೂವರೆ ಕಿಲೋ. ಹಾಕಿದ ಮೇಲೆ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಬೇಕು, 1.025ರ ಆಸುಪಾಸು ಬರಬೇಕು.

ನೀರಿನದು ನಮ್ಮ ಭಾಗದಲ್ಲಿ ದೊಡ್ಡ ಸಮಸ್ಯೆ. ಕಾಗವಾಡದ ಒಬ್ಬ ಸಹೋದರಿ, "ನಮ್ಮ ಬೋರಿನ ನೀರೇ ಸವಳು, ಉಪ್ಪಿನ ಖರ್ಚು ಉಳಿಯಿತಲ್ಲ" ಎಂದು ನಕ್ಕರು. ಆ ಸವಳು ಬೇರೆ, ಸಮುದ್ರದ ಉಪ್ಪು ಬೇರೆ. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಿಗೆ ವರ್ಷವಿಡೀ ನೀರು ಹಾಯಿಸಿ ನೆಲ ಸವಳು-ಜವಳಾಗಿದೆ. ಅಂಥ ಕಡೆಯ ಬೋರಿನ ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಕೂಡ ಸೇರಿರಬಹುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆರ್‌ಓ ನೀರೇ ಬೇಕು, ಅದನ್ನೂ ಟಿಡಿಎಸ್ ಮೀಟರಿನಲ್ಲಿ ಅಳೆಯಬೇಕು. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಇನ್ನು ಬೇಸಗೆ. ಈ ಮೀನುಗಳಿಗೆ 25ರಿಂದ 27 ಡಿಗ್ರಿ ಹಿತ. ಅಥಣಿಯ ಏಪ್ರಿಲ್ ನಿಮಗೆ ಗೊತ್ತೇ ಇದೆ. ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ನೀರು ಎರಡು ಮೂರು ಡಿಗ್ರಿ ತಂಪಾಗುತ್ತದೆ, ಆದರೆ ಆರುತ್ತದೆ. ಸಾರು ಕುದಿದು ಇಂಗಿದಷ್ಟೂ ಉಪ್ಪಾಗುತ್ತದಲ್ಲ, ಇಲ್ಲೂ ಹಾಗೆಯೇ. ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಆರ್‌ಓ ನೀರಿನಿಂದಲೇ ತುಂಬಬೇಕು. ಕರೆಂಟ್ ಹೋದರೆ ಪಂಪ್ ನಿಂತು ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. 2019ರ ಆಗಸ್ಟ್‌ನ ನೆರೆಯಲ್ಲಿ ನದಿ ದಂಡೆಯ ಊರುಗಳು ದಿನಗಟ್ಟಲೆ ಕತ್ತಲಲ್ಲಿದ್ದುದನ್ನು ನೆನಪಿಸಿಕೊಳ್ಳಿ. ಬ್ಯಾಟರಿಯ ಏರ್ ಪಂಪ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಇಷ್ಟೆಲ್ಲ ಸಿದ್ಧವಾದ ಮೇಲೂ ಮೀನು ತರುವ ಹಾಗಿಲ್ಲ. ಮೀನಿನ ಮಲಮೂತ್ರ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು, ಆ ನೈಟ್ರೈಟನ್ನು ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುವುದು ಇನ್ನೊಂದು. ಇವು ಕಲ್ಲು, ಮರಳುಗಳ ಮೇಲೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಖಾಲಿ ತೊಟ್ಟಿಯಲ್ಲಿ ಪಂಪ್ ಓಡುತ್ತಿರಬೇಕು, ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಇಳಿದು, ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ತೋರಿಸಿದಾಗ ನೀರು ತಯಾರಾಯಿತು. ನಮ್ಮ ಹುಡುಗನ ಮೀನುಗಳಿಗೆ ಒಂದು ರಾತ್ರಿಯ ಕಾಲಾವಕಾಶವೂ ಸಿಕ್ಕಿರಲಿಲ್ಲ.

ಹವಳ ಬೇಕು ಎಂದು ಮಕ್ಕಳು ಹಠ ಮಾಡಬಹುದು. ಸೂರಾ ಅರ್‍ರಹ್ಮಾನ್‌ನ 'ಮರ್ಜಾನ್' ಪದಕ್ಕೆ ಹವಳವೆಂದೇ ಸಾಮಾನ್ಯವಾಗಿ ಅನುವಾದಿಸುತ್ತಾರೆ (ಸಣ್ಣ ಮುತ್ತು ಎಂದ ಮುಫಸ್ಸಿರರೂ ಇದ್ದಾರೆ). ಅದು ಕಲ್ಲಲ್ಲ, ಸಣ್ಣ ಜೀವಿಗಳ ಸಮೂಹ. ನಮ್ಮ ರಾಜ್ಯದಲ್ಲೇ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. 2001ರಿಂದ ಕಲ್ಲುಹವಳ, ಕರಿಹವಳ, ಸಮುದ್ರ ಬೀಸಣಿಗೆ, ಸಮುದ್ರ ಕುದುರೆ ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ. ಸತ್ತ ಬಿಳಿ ಹವಳವನ್ನು ಶೋಕೇಸಿಗೆಂದು ಕೊಳ್ಳುವುದೂ ಅಪರಾಧವೇ. ಸಮುದ್ರ ಬಿಸಿಯಾಗಿ 2024ರಲ್ಲಿ ಲಕ್ಷದ್ವೀಪದ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಇರುವುದನ್ನಾದರೂ ಅಲ್ಲೇ ಬಿಡೋಣ, ಮನೆಗೆ ಸೆರಾಮಿಕ್ ಕಲ್ಲು ಸಾಕು.

ಮೀನನ್ನೂ ಹ್ಯಾಚರಿಯಲ್ಲಿ ಹುಟ್ಟಿದ್ದೇ ಎಂದು ಕೇಳಿ ತನ್ನಿ. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಎನ್‌ಬಿಎಫ್‌ಜಿಆರ್ ಸಂಸ್ಥೆ ಅಲ್ಲಿನ ಮಹಿಳೆಯರಿಗೆ ಅಲಂಕಾರಿಕ ಸಿಗಡಿ ಸಾಕಣೆಯ ತರಬೇತಿ ಕೊಟ್ಟಿದೆ. ನಮ್ಮಂಥದೇ ಮನೆಗಳ ಹೆಣ್ಣುಮಕ್ಕಳು ಇದರಿಂದ ಆದಾಯ ಕಾಣುವ ದಾರಿ ಹಿಡಿದಿರುವುದು ಓದಿ ಖುಷಿಯಾಯಿತು.

ಭಾಭಿಗೆ ಒಂದು ಮಾತು ಬೇರೆಯಾಗಿ ಹೇಳಿದೆ. ಚೆನ್ನಾಗಿ ಸಾಕಿದರೆ ಈ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಹುಡುಗ ಅಷ್ಟರಲ್ಲಿ ಕಾಲೇಜು ಮುಗಿಸಿ ಬೇರೆ ಊರು ಸೇರಿರುತ್ತಾನೆ. ವಾರಕ್ಕೆ ಹತ್ತು ಲೀಟರ್ ನೀರು ಬದಲಿಸುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ನಮಗೆಲ್ಲ ಗೊತ್ತು. ತೊಟ್ಟಿ ತರುವವರು ಒಬ್ಬರು, ತೊಳೆಯುವವರು ಇನ್ನೊಬ್ಬರು. ಭಾಭಿ ಹುಡುಗನನ್ನು ಕರೆದು ಕೂರಿಸಿಕೊಂಡು, ಶುಕ್ರವಾರದ ಸರದಿ ನಿನ್ನದು, ಒಂದು ವಾರ ತಪ್ಪಿದರೂ ಮೀನು ಬೇರೆಯವರ ಮನೆಗೆ ಎಂದು ಒಪ್ಪಂದ ಮಾಡಿಕೊಂಡರು.

ತೊಟ್ಟಿಯಲ್ಲಿ ಈಗ ಬರೀ ಕಲ್ಲು, ಮರಳು ಮತ್ತು ನೀರು. ಬಂದ ನೆಂಟರೆಲ್ಲ ಮೀನೆಲ್ಲಿ ಎಂದು ಕೇಳುತ್ತಾರಂತೆ. ಐದನೇ ವಾರ ಅಮೋನಿಯಾ ಸೊನ್ನೆ, ನೈಟ್ರೈಟ್ ಇನ್ನೂ ಸ್ವಲ್ಪ ಇದೆ ಎಂದು ಹುಡುಗ ನೋಟ್‌ಬುಕ್ಕಿನ ಫೋಟೋ ಕಳಿಸಿದ್ದಾನೆ. "ಫುಪ್ಪು, ಈ ಶುಕ್ರವಾರ ತರಲಾ?" ಇನ್ನೊಂದು ವಾರ ನೋಡು ಎಂದಿದ್ದೇನೆ.