ಒಂದು ಪ್ರತಿ ಪ್ರತಿಯಲ್ಲ

'ಒಂದು ಕಣ್ಣು ಕಣ್ಣಲ್ಲ' ಎಂಬುದು ನಮ್ಮ ಹಿರಿಯರ ಮಾತು. ಇರುವುದು ಒಂದೇ ಆದಾಗ, ಅದು ಇದ್ದೇ ಇರುತ್ತದೆಯೆಂದು ನಿಶ್ಚಿಂತರಾಗಿರಬಾರದು ಎಂಬುದು ಇದರ ತಾತ್ಪರ್ಯ. ಈ ಗಾದೆಯನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ; ಆದರೆ ಅದರ ಅರ್ಥವನ್ನು ಕಲಿತದ್ದು ನಿವೃತ್ತನಾದ ಮೇಲೆ, ತುಂಬಲಾರದ ಒಂದು ನಷ್ಟವನ್ನು ಅನುಭವಿಸಿ.

ನಮ್ಮ ಮನೆಯಿರುವುದು ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ. ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳೂ ತಂತ್ರಾಂಶ ಸಂಸ್ಥೆಗಳೂ ನೆರೆಯಲ್ಲಿಯೇ ಇರುವ ಈ ಬಡಾವಣೆಯಲ್ಲಿ ಗಣಕಯಂತ್ರವಿಲ್ಲದ ಮನೆ ಅಪರೂಪ. ನನ್ನ ಮಗ ನಡುಮನೆಯ ಮೂಲೆಯಲ್ಲಿ ಒಂದು ಚಿಕ್ಕ ಸರ್ವರ್ ಇರಿಸಿದ್ದಾನೆ. ಮನೆಯವರೆಲ್ಲರ ಕಡತಗಳನ್ನು ಒಂದೆಡೆ ಕಾಪಾಡಿ, ಕೇಳಿದವರಿಗೆ ಕೇಳಿದಾಗ ಒದಗಿಸುವ ಯಂತ್ರವದು. ಛಾಯಾಚಿತ್ರಗಳು, ಆಸ್ತಿಯ ಪತ್ರಗಳು, ನನ್ನ ಪ್ರಬಂಧಗಳು ಎಲ್ಲವೂ ಅದರೊಳಗೆ ಸೇರಿದವು. 1986ರ ಬೇಸಿಗೆಯಲ್ಲಿ ನನ್ನ ತಾಯಿಯಿಂದ ಹಾಡಿಸಿ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದ ನಲವತ್ತೆರಡು ಸೋಬಾನೆ ಪದಗಳೂ ಸೇರಿದವು. ಇನ್ನೇಕೆ ಇವು ಎಂದು ಕ್ಯಾಸೆಟ್ಟುಗಳನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಟ್ಟೆ.

ಒಂದು ಸಂಜೆ ಬೇಡದ ಕಡತಗಳನ್ನು ತೆಗೆದುಹಾಕಲು ಕುಳಿತ ನಾನು, ಕೈತಪ್ಪಿನಿಂದ ಆ ಹಾಡುಗಳನ್ನೇ ಅಳಿಸಿಹಾಕಿದೆ. ತಿಳಿದದ್ದು ಮೂರು ವಾರಗಳ ಮೇಲೆ. ಸರ್ವರಿನಲ್ಲಿ ಎರಡು ಡಿಸ್ಕುಗಳಿವೆಯಲ್ಲ ಎಂದು ಮಗನನ್ನು ಕೇಳಿದೆ. "ಅಪ್ಪಾ, ಒಂದು ಡಿಸ್ಕು ಇನ್ನೊಂದರ ಕನ್ನಡಿ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ, ಅಷ್ಟೆ. ನೀವು ಇಲ್ಲಿ ಅಳಿಸಿದ್ದು ಅದೇ ಗಳಿಗೆಯಲ್ಲಿ ಅಲ್ಲಿಯೂ ಅಳಿಸಿಹೋಗಿರುತ್ತದೆ" ಎಂದ. ಬೀರುವಿನಲ್ಲಿ ಮೂರನೆಯ ಡಿಸ್ಕೊಂದಿತ್ತು. ವಾರಕ್ಕೊಮ್ಮೆ ಅದನ್ನು ಜೋಡಿಸಿ ನಕಲು ತೆಗೆಯುವುದು ನನ್ನ ಕೆಲಸ. ತೆರೆದು ನೋಡಿದರೆ, ಅದು ತುಂಬಿ ಎಂಟು ತಿಂಗಳಾಗಿತ್ತು. ಹಾಡುಗಳು ಅದನ್ನು ಸೇರಿಯೇ ಇರಲಿಲ್ಲ. ನಾನು ವಾರವಾರವೂ ಜೋಡಿಸುತ್ತಿದ್ದೆ. ಒಮ್ಮೆಯೂ ಒಳಗೆ ನೋಡಿರಲಿಲ್ಲ.

ಸುದ್ದಿ ಕೇಳಿ ಕೋಲಾರದಿಂದ ತಂಗಿ ಮಾತನಾಡಿದಳು: "ಅಣ್ಣಾ, ಅಮ್ಮನ ಒಂದು ಕ್ಯಾಸೆಟ್ಟಿನ ನಕಲು ನನ್ನ ಹತ್ತಿರವಿದೆ." ಅದರಲ್ಲಿ ಹನ್ನೊಂದು ಹಾಡುಗಳಿದ್ದವು. ಉಳಿದ ಮೂವತ್ತೊಂದನ್ನು ಇನ್ನು ಯಾರೂ ಕೇಳುವಂತಿಲ್ಲ.

ಮೂರು ಡಿಸ್ಕುಗಳು ಕೈಬಿಟ್ಟಲ್ಲಿ ದೂರದ ಮನೆಯ ಹಳೆಯ ಕ್ಯಾಸೆಟ್ಟೊಂದು ಕಾಪಾಡಿತು. ಇದರಲ್ಲಿ ಯಂತ್ರದ ದೋಷವೇನೂ ಇಲ್ಲ. ನಮ್ಮಲ್ಲಿ ಉಪಕರಣಗಳಿದ್ದವು, ಯೋಜನೆಯಿರಲಿಲ್ಲ.

ಪ್ರತಿಗಳನ್ನು ಮಾಡಿಸಿ ಕಾಪಾಡುವ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಬರೆಯಿಸಿದ್ದಕ್ಕಿಂತಲೂ ಹಂಚಿದ್ದರಲ್ಲಿಯೇ ಹೆಚ್ಚಿನ ದೂರದೃಷ್ಟಿಯಿದೆ. ಸಾವಿರ ಪ್ರತಿಗಳೂ ಒಂದೇ ಭಂಡಾರದಲ್ಲಿದ್ದರೆ ಅವನ್ನು ನಾಶಮಾಡಲು ಒಂದೇ ಬೆಂಕಿ ಸಾಕು.

ಇಂದಿನ ಗಣಕ ತಜ್ಞರು ಹೇಳುವ ಸೂತ್ರವೂ ಇದಕ್ಕೆ ಹತ್ತಿರವಾದದ್ದೇ. ಮುಖ್ಯವಾದ ಕಡತಕ್ಕೆ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿಯಾದರೂ ಬೇರೆ ಊರಿನಲ್ಲಿಯೋ ಬೇರೆ ಕಟ್ಟಡದಲ್ಲಿಯೋ ಇರಬೇಕು. ಈ ಕೊನೆಯ ಮಾತನ್ನು ಕಡೆಗಣಿಸಿದವರ ಪಾಡೇನು? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಮೂಲವನ್ನೂ ನಕಲನ್ನೂ ಅಲ್ಲಿಯೇ ಇರಿಸಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಅಷ್ಟು ದೂರವೇಕೆ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ, ಬೆಳ್ಳಂದೂರಿನ ಸುತ್ತಮುತ್ತ, ಮನೆಗಳಿಗೆ ಮಳೆನೀರು ನುಗ್ಗಿದ್ದನ್ನು ನಾವೇ ಕಂಡಿದ್ದೇವೆ. ಅಂಥ ನೀರು ಮೂಲೆಯ ಸರ್ವರನ್ನೂ ಬೀರುವಿನ ಡಿಸ್ಕನ್ನೂ ಬೇರೆಬೇರೆಯಾಗಿ ಎಣಿಸುವುದಿಲ್ಲ.

ಸೂತ್ರವನ್ನು ಪಾಲಿಸಿದರೆ ಸಾಕೆ? ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ನುರಿತ ನೌಕರನೊಬ್ಬ ಕೈತಪ್ಪಿನಿಂದ ಮುಖ್ಯ ದತ್ತಾಂಶವನ್ನೇ ಅಳಿಸಿದ. ನಕಲುಗಳನ್ನು ಹುಡುಕಿದಾಗ, ನಿತ್ಯವೂ ನಡೆಯುತ್ತಿದೆಯೆಂದು ಎಲ್ಲರೂ ನಂಬಿದ್ದ ನಕಲಿನ ಕೆಲಸ ಸದ್ದಿಲ್ಲದೆ ವಿಫಲವಾಗುತ್ತಿತ್ತೆಂದು ತಿಳಿಯಿತು. ಅದೃಷ್ಟವಶಾತ್ ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕಾರಣಕ್ಕಾಗಿ ತೆಗೆದಿದ್ದ ಪ್ರತಿಯೊಂದು ಸಿಕ್ಕಿ, ಹಾನಿ ಅಷ್ಟಕ್ಕೇ ನಿಂತಿತು. ಬಲ್ಲವರಿಗೂ ಹೀಗಾಗುವುದಾದರೆ ನಮ್ಮಂಥವರ ಗತಿಯೇನು? ಆದುದರಿಂದ, ತೆರೆದು ಓದಿ ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಮನೆಗೆ ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಎಲ್ಲಕ್ಕೂ ಬೇಕಾಗಿಲ್ಲ. ಚಲನಚಿತ್ರವೊಂದು ಕಳೆದುಹೋದರೆ ಮತ್ತೆ ಸಿಗುತ್ತದೆ. ತಾಯಿಯ ಧ್ವನಿ ಸಿಗುವುದಿಲ್ಲ. ಮತ್ತೆ ದೊರೆಯದವು ಯಾವುವೆಂದು ಮೊದಲು ಬೇರ್ಪಡಿಸುವುದೇ ಯೋಜನೆಯ ಆರಂಭ. ಎಷ್ಟು ದಿನಗಳ ಕೆಲಸ ಹೋದರೆ ತಾಳಿಕೊಳ್ಳಬಲ್ಲೆವು ಎಂದು ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ನಕಲು ತೆಗೆಯುವ ಅವಧಿಯನ್ನು ಗೊತ್ತುಮಾಡಬೇಕು. ಹೊಸ ನಕಲು ಬಂದೊಡನೆ ಹಳೆಯದನ್ನು ಅಳಿಸದೆ ಕೆಲವು ತಿಂಗಳು ಉಳಿಸಿಕೊಳ್ಳಬೇಕು. ನನ್ನ ಕೈತಪ್ಪಿನಂತೆ ತಡವಾಗಿ ತಿಳಿಯುವ ತಪ್ಪುಗಳಿಗೆ ಅದೊಂದೇ ಮದ್ದು. ಒಂದು ಪ್ರತಿ ಯಾವ ಯಂತ್ರಕ್ಕೂ ಜೋಡಿಸದೆ ಬೇರೆಯಾಗಿರಬೇಕು. ಆಗ ಸರ್ವರಿಗೆ ತಗುಲಿದ ದುಷ್ಟ ತಂತ್ರಾಂಶ ಅದನ್ನು ಮುಟ್ಟಲಾರದು. ಹೊರಗೆ ಇರಿಸುವ ಪ್ರತಿಗೆ ಗುಪ್ತಪದದ ಬೀಗವಿರಲಿ. ಆ ಗುಪ್ತಪದ ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಸಾಲಿಗೆ ನಾನೂ ಸೇರಿದವನು. ಈಗ ನಮ್ಮ ಸರ್ವರಿನ ಒಂದು ಪ್ರತಿ ಬೀರುವಿನಲ್ಲಿದೆ, ಇನ್ನೊಂದು ಕೋಲಾರದ ತಂಗಿಯ ಮನೆಯಲ್ಲಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಬೀರುವಿನ ಡಿಸ್ಕಿನಿಂದ ತಾಯಿಯ ಒಂದು ಹಾಡನ್ನು ತೆಗೆದು ಎಲ್ಲರೂ ಕುಳಿತು ಕೇಳುತ್ತೇವೆ. ಅದೇ ದಿನ ತಂಗಿಯೂ ಅಲ್ಲಿ ಒಂದನ್ನು ಕೇಳಿ ನನಗೆ ತಿಳಿಸುತ್ತಾಳೆ. ಹಾಡು ಮುಗಿದ ಮೇಲೆಯೇ, ಪ್ರತಿಗಳು ಸರಿಯಾಗಿವೆಯೆಂದು ಮಗ ಪುಸ್ತಕದಲ್ಲಿ ಗುರುತು ಹಾಕುತ್ತಾನೆ.